ಸೊಂಟದ ಪಟ್ಟಿ

ಸಿರಿಗೇರಿಯ ಚನ್ನವೀರಮ್ಮತ್ತೆಗೆ,

ಎದುರಿಗೆ ಬರಲು ಮುಖವಿಲ್ಲದೆ ಕಾಗದದ ಮರೆಯಲ್ಲಿ ನಿಂತಿರುವ ನಿನ್ನ ತಮ್ಮನ ಮಗ ಅಮರೇಶನ ಶರಣು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡನೇ ಮಾತಿಗೇ ತಮಾಷೆ ಹುಡುಕುತ್ತೇನೆ. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ನಗಿಸುವ ಚಟ ಅಂಟಿಕೊಂಡರೆ ನಿವೃತ್ತಿಯವರೆಗೂ ಬಿಡುವುದಿಲ್ಲ. ಈ ಸಲ ಆ ಚಟ ನಿನ್ನನ್ನೇ ಕಚ್ಚಿತು.

ಹೋದ ತಿಂಗಳು ಕಣ್ಣು ತೋರಿಸಲು ನೀನು ಬಳ್ಳಾರಿಗೆ ಬಂದಾಗ ನಮ್ಮ ಮನೆ ಅಂಗಡಿಯಂತಿತ್ತು. ಹಿಮಾಲಯದ ಚಾರಣಕ್ಕೆಂದು ತರಿಸಿದ ಬೂಟು, ಮಡಚುವ ಕೋಲು, ಹಣೆಗೆ ಕಟ್ಟುವ ದೀಪ, ಮೈತುಂಬ ಪಟ್ಟಿಗಳಿದ್ದ ದೊಡ್ಡ ಬ್ಯಾಗು, ಎಲ್ಲ ಪಡಸಾಲೆಯಲ್ಲಿ ಹರಡಿದ್ದವು. ಚಾರಣಕ್ಕೆ ಹೊರಟವನಿಗೆ ತನ್ನ ಚರಣದ ಅಳತೆಯೇ ಗೊತ್ತಿರಲಿಲ್ಲ. ಬೂಟನ್ನು ಎರಡು ಸಲ ವಾಪಸ್ ಕಳಿಸಿದ್ದೆ. ಬ್ಯಾಗಿನ ಸೊಂಟದ ಪಟ್ಟಿ ಏತಕ್ಕೆಂದು ತಿಳಿಯದೆ, ಅಡ್ಡ ಬರುತ್ತದೆಂದು ಅದನ್ನು ಹಿಂದಕ್ಕೆ ಗಂಟು ಹಾಕಿದ್ದೆ.

"ಎಷ್ಟು ಭಾರ ಐತಿಲೇ ಇದು?" ಎಂದು ನೀನು ಕೇಳಿದೆ.

"ಹನ್ನೆರಡು ಕೇಜಿ. ಯಾಕ, ನೀ ಹೊರ್ತೀಯೇನು?" ಎಂದು ನಾನು ಕೆಣಕಿದೆ.

ನೀನು ಸೆರಗು ಬಿಗಿದು ಮೊದಲು ಆ ಗಂಟನ್ನೇ ಬಿಚ್ಚಿದೆ. ಬ್ಯಾಗನ್ನು ಬೆನ್ನಿಗೇರಿಸಿ, ಪಟ್ಟಿಯನ್ನು ಹೊಟ್ಟೆಯ ಮೇಲೆ ಎಳೆದು ಕಟ್ಟಿದೆ. "ಭಾರ ನಡ ಹೊರಬೇಕಲೇ, ಹೆಗಲಲ್ಲ. ಕೂಸಿನ್ನ ಎಲ್ಲಿ ಎತ್ಕೋತಾರ?" ಅಂದೆ. ಪಡಸಾಲೆಯಲ್ಲಿ ನಾಲ್ಕು ಸುತ್ತು ನಡೆದೆ. ಬೇಡವೆಂದರೂ ನಿನ್ನ ಹಣೆಗೆ ದೀಪ ಕಟ್ಟಿದವನು ನಾನು. ಫೋನಿನಲ್ಲಿ ಅದರ ವಿಡಿಯೋ ಹಿಡಿದು, "ಬೆಟ್ಟ ಹತ್ತಿ ನಮ್ಮ ಅತ್ತಿ" ಎಂದು ಬರೆದು ಚಾರಣದ ಗುಂಪಿಗೆ ಹಾಕಿದೆ. ಚಪ್ಪಾಳೆ ಸಾಲದೆ ಬಂಧುಗಳ ಗುಂಪಿಗೂ ಹಾಕಿದೆ.

ಎಲ್ಲರೂ ನಕ್ಕರು. ನಮ್ಮ ತಂಡ ನಡೆಸುವ ವಿಶ್ವಪ್ರಿಯ ಮಾತ್ರ, "ಸರ್, ಬ್ಯಾಗ್ ಸರಿಯಾಗಿ ಹಾಕ್ಕೊಂಡಾರ ಅಂದ್ರ ಅವರೊಬ್ಬರೇ. ಮೊನ್ನೆ ಕೋಟೆಗುಡ್ಡ ಹತ್ತೋ ಪ್ರಾಕ್ಟೀಸಿನಾಗ ನಿಮ್ಮದು ಜೋಲಿ ಹೊಡೀತಿತ್ತು" ಎಂದು ಬರೆದ. ಅದನ್ನೂ ನಗೆಯಲ್ಲೇ ಹಾರಿಸಿದೆ.

ಇವತ್ತು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಮಲ್ಲಯ್ಯನವರು ಸಿಕ್ಕರು. ಯುಗಾದಿಗೆ ನಿಮ್ಮೂರಿನವರನ್ನು ಶ್ರೀಶೈಲಕ್ಕೆ ನಡೆಸಿಕೊಂಡು ಹೋಗುವವರು ಅವರೇ ಅಲ್ಲವೇ? "ನಿಮ್ಮತ್ತಿ ಈ ವರ್ಸ ಬರಂಗಿಲ್ಲಂತಪ್ಪಾ. ಹತ್ತೊಂಬತ್ತು ವರ್ಸ ಒಮ್ಮಿನೂ ತಪ್ಪಿಸಿದಾಕಿ ಅಲ್ಲ. ಆ ವಿಡಿಯೋ ಊರೆಲ್ಲಾ ತಿರುಗೇತಿ. ನೀರಿಗೆ ಹೋದ್ರೂ, ದೀಪ ಎಲ್ಲಿ ಬಿಟ್ಟು ಬಂದಿಬೇ ಅಂತ ಕಾಡಿಸ್ತಾರ" ಎಂದರು. ಆಮೇಲೆ, "ಹೆಗಲು ಬ್ಯಾನಿ ಆಕಿಗೆ. ಗಂಟು ಹೊತ್ತು ನಡಿಯಾಕ ಆಗವಲ್ದು, ಬೆನ್ನಿಗೆ ಹಾಕ್ಕೊಳ್ಳೋ ಬ್ಯಾಗೊಂದು ಕೊಡಸು ಅಂತ ಅಮರೇಶನ್ನ ಕೇಳ್ತೀನಿ ಅಂದಿದ್ಲು. ಕೇಳಿದ್ಲೇನು?" ಎಂದರು.

ನೀನು ಕೇಳಲಿಲ್ಲ ಎಂದುಕೊಂಡೆ. ಮನೆಗೆ ಬಂದು ವಿಡಿಯೋ ಮತ್ತೆ ನೋಡಿದೆ. ನಾಲ್ಕನೇ ಸುತ್ತಿಗೆ ನೀನು ನಿಂತು, "ಅಮರೇಶಾ, ಇಂಥಾದೊಂದು..." ಎನ್ನುತ್ತೀ. ಮುಂದೆ ಏನೂ ಕೇಳಿಸುವುದಿಲ್ಲ. ನನ್ನ ನಗು ಕೇಳಿಸುತ್ತದೆ.

ಆ ನಗುವನ್ನು ನಾನು ಏಳೆಂಟು ಸಲ ಕೇಳಿದೆ. ನನ್ನದೇ ದನಿ ಅಷ್ಟು ಅಸಹ್ಯವಾಗಿರಬಹುದೆಂದು ಗೊತ್ತಿರಲಿಲ್ಲ. ವಿಡಿಯೋ ಅಳಿಸಿದ್ದೇನೆ, ನನ್ನ ಫೋನಿನಿಂದ ಅಳಿಸಿದರೆ ಊರಿನವರ ಬಾಯಿಂದ ಹೋಗುತ್ತದೆಯೇ?

ಈ ಕಾಗದವನ್ನು ಸಂಜೆ ಬಸ್ಸಿಗೆ ಮಲ್ಲಯ್ಯನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾನುವಾರ ನೀವೆಲ್ಲ ಹೊರಡುವ ಹೊತ್ತಿಗೆ ನಿಮ್ಮೂರ ಗುಡಿಕಟ್ಟೆಗೆ ಬರುತ್ತೇನೆ. ಆ ಬ್ಯಾಗನ್ನೂ ನಿನಗೆಂದೇ ತರುತ್ತೇನೆ. ಕಟ್ಟಲು ಬಾರದವನು ನಾನು, ಬಲ್ಲವಳು ನಮ್ಮತ್ತಿ, ನಗುವುದಿದ್ದರೆ ನನ್ನನ್ನು ನೋಡಿ ನಗಿರಿ ಎಂದು ಎಲ್ಲರೆದುರು ಹೇಳುತ್ತೇನೆ. ಪ್ರಾಸ ಹಾಕುವುದಿಲ್ಲ. ನೀನು ಮನೆಯಿಂದ ಹೊರಗೆ ಬರದಿದ್ದರೂ ಹೇಳಿಯೇ ಹೋಗುತ್ತೇನೆ.

ಶ್ರೀಶೈಲದ ಮಲ್ಲಿಕಾರ್ಜುನ ನಿನ್ನ ಕಾಲಿಗೆ ಬಲ ಕೊಡಲಿ, ನನ್ನ ನಾಲಿಗೆಗೆ ಲಗಾಮು ಹಾಕಲಿ.

ನಿನ್ನ ಬೈಗುಳಕ್ಕೂ ಅರ್ಹನಲ್ಲದ,
ಅಮರೇಶ