ಮಡಿಕೆಯಲ್ಲಿ ಬಿರಿದ ರಟ್ಟು

ಸೊಕ್ಕಿನ ತಂಗಿಗೆ,

ಮೊದಲು ಕನ್ನಡಕ ಹಾಕಿಕೋ. ಅಂದಾಜಿನ ಮೇಲೆ ಅರ್ಧ ಓದಿ, ಮುಖ ಸಿಂಡರಿಸಿ, ಅಕ್ಕ ಹೀಗಂದಳು ಹಾಗಂದಳು ಎಂದು ಬೀದಿಗೆಲ್ಲ ಡಂಗುರ ಹೊಡೆಯುವವಳು ನೀನು. ಕೂತು ಓದು. ನಾಲ್ಕು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದೀಯಲ್ಲ, ಅದಕ್ಕಿನ್ನೂ ತುಕ್ಕು ಹಿಡಿದಿಲ್ಲವೇ? ನೀನೂ ಬರೆದಿಲ್ಲವಲ್ಲ ಅನ್ನಬೇಡ. ನಾನು ದೊಡ್ಡವಳು, ದೊಡ್ಡವರು ಮೊದಲು ಬರೆಯುವುದಿಲ್ಲ. ಈಗ ಬರೆಯುತ್ತಿರುವುದು ಮಮತೆ ಉಕ್ಕಿ ಅಲ್ಲ. ರಟ್ಟು ಬೇಕಾಗಿದೆ.

ಗೋಂದಿನಕ್ಕ ಹೋದಳು. ನಿನಗೆ ಯಾರಾದರೂ ಹೇಳಿದರೋ ಇಲ್ಲವೋ. ನನಗೆ ತಿಳಿದದ್ದು ಇಪ್ಪತ್ತು ದಿನದ ಮೇಲೆ, ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಾಗ. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷ ನಾನು ಲಕೋಟೆ ಮಡಿಸಿದೆ, ಅವಳು ಅಂಟು ಹಚ್ಚಿದಳು, ನೀನು ಒಳಗಿನ ಶುಭಾಶಯದ ಕಾರ್ಡು ಕತ್ತರಿಸಿದೆ. ಅಂಥವಳು ಸತ್ತ ಸುದ್ದಿ ಕೆಮ್ಮಿನ ಔಷಧಿಯ ಜೊತೆ ಬಂತು. ಮನೆಗೆ ಬಂದು ಬೆರಳು ಮಡಿಸಿ ಎಣಿಸಿದೆ. ಆ ಕೋಣೆಯವರು ಇನ್ನು ಉಳಿದಿರುವುದು ಏಳು ಜನ, ನನ್ನನ್ನು ಬಿಟ್ಟು. ಒಬ್ಬೊಬ್ಬರಿಗೂ ಕೈಯಾರೆ ಒಂದು ಕಾರ್ಡು ಮಾಡಿ ಕಳಿಸೋಣ ಅಂದುಕೊಂಡೆ, ಉಸಿರಿರುವಾಗಲೇ.

ಲಕೋಟೆಗೆ ಬರವಿಲ್ಲ. ಪ್ರೆಸ್ಸು ಮುಚ್ಚಿದ ದಿನ ಯಜಮಾನ ನನಗೆ ಪೆಟ್ಟಿಗೆ ತುಂಬ ಮಿಕ್ಕ ಲಕೋಟೆ ಕೊಟ್ಟ, ನಿನಗೆ ಮಿಕ್ಕ ರಟ್ಟಿನ ಕಟ್ಟು. ಒಬ್ಬಳಿಗೆ ಬಾಗಿಲು, ಇನ್ನೊಬ್ಬಳಿಗೆ ಗೋಡೆ. ಎಂಥ ಬುದ್ಧಿವಂತ!

ರಟ್ಟಿಗಾಗಿ ಮನೆಯನ್ನೆಲ್ಲ ಜಾಲಾಡಿದೆ. ಕ್ಯಾಲೆಂಡರಿನ ಹಾಳೆ ನಿಲ್ಲಿಸಿದರೆ ಕುಡುಕನ ಹಾಗೆ ವಾಲುತ್ತದೆ. ಅಂಗಿಯ ಡಬ್ಬಿಯ ರಟ್ಟು ಲಕೋಟೆಗೆ ತೂರುವುದೇ ಇಲ್ಲ. ಮೊಮ್ಮಗಳು ನೋಡಿ ನೋಡಿ, "ಅಜ್ಜೀ, ಅಂಗಡೀಲಿ ರೆಡಿ ಕಾರ್ಡು ಸಿಗುತ್ತೆ, ಯಾಕೆ ಒದ್ದಾಡ್ತೀಯ?" ಅಂದಳು. "ಅಜ್ಜೀನೂ ಸಿಗ್ತಾಳೇನೋ ಕೇಳ್ಕೊಂಡು ಬಾ" ಅಂದೆ. ಪಾಪ, ಹೋಗಿ ದಪ್ಪ ಹಾಳೆ ತಂದುಕೊಟ್ಟಳು. ಅಳತೆಗೆ ಸರಿಯಾಗಿ ಹನ್ನೆರಡು ಕತ್ತರಿಸಿದೆ. ಹನ್ನೆರಡೂ ಮಡಿಕೆಯಲ್ಲಿ ಬಿರಿದವು, ಚಳಿಗಾಲದ ಹಿಮ್ಮಡಿಯ ಹಾಗೆ.

ಆಗ ನೀನು ನೆನಪಾದೆ, ಹಾಳಾದವಳು. ಹಾಳೆಯ ಮೂಲೆಯನ್ನು ಕಿವಿಯ ಹತ್ತಿರ ಬಾಗಿಸಿ, "ಎಳೆ ಈ ಕಡೆ ಹೋಗಿದೆ. ಇದರ ಜೊತೆ ಮಡಿಸಿದ್ರೆ ಬಾಗುತ್ತೆ, ಅಡ್ಡ ಮಡಿಸಿದ್ರೆ ಬಿರಿಯುತ್ತೆ" ಅನ್ನುತ್ತಿದ್ದೆ. ಹೇಗೆ ಗೊತ್ತಾಗುತ್ತದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಚಿಕ್ಕವಳ ಹತ್ತಿರ ಕಲಿಯುವುದೇ? ಮೊನ್ನೆ ನಾನೂ ಬಾಗಿಸಿ ಕಿವಿಯಿಟ್ಟೆ. ನನ್ನ ಮಂಡಿ ಲಟಕ್ ಅಂದದ್ದು ಕೇಳಿಸಿತು, ಅಷ್ಟೇ.

ಪ್ರೆಸ್ಸಿನ ಕೊನೆಯ ದಿನ ಚಹಾ ಲೋಟ ಹಿಡಿದು ನೀನು ಎಲ್ಲರೆದುರು ಏನಂದೆ? "ಅಕ್ಕ ಮಾಡೋದನ್ನ ಜನ ಹರಿದು ಬಿಸಾಡ್ತಾರೆ, ನಾನು ಮಾಡೋದನ್ನ ಜೋಪಾನವಾಗಿ ಎತ್ತಿಡ್ತಾರೆ." ಕೋಣೆಯೆಲ್ಲ ನಕ್ಕಿತು. ನಗದವಳು ಗೋಂದಿನಕ್ಕ ಒಬ್ಬಳೇ. ನಾನು ಸುಮ್ಮನಿರಬಹುದಿತ್ತು. "ಕಟ್ಟಿಕೊಂಡವನೇ ನಿನ್ನನ್ನ ಬಿಸಾಡಿ ಹೋದನಲ್ಲೇ" ಅಂದೆ. ನೀನು ಲೋಟ ಕೆಳಗಿಟ್ಟು ಹೊರಟೆ. ಅರ್ಧ ಚಹಾ ಹಾಗೇ ಇತ್ತು.

ನಿನ್ನ ಮಾತು ನನಗೆ ನೆನಪಿರುವಷ್ಟೇ ನನ್ನದೂ ನೆನಪಿದೆ. ಕ್ಷಮೆ ಕೇಳುತ್ತಿಲ್ಲ, ಹಾಗೆಂದು ಓದಿಕೊಂಡು ಮೆರೆಯಬೇಡ. ಆದರೆ ಅದು ಆಡುವ ಮಾತಾಗಿರಲಿಲ್ಲ.

ಈ ಕಾಗದ ಬಂದ ಲಕೋಟೆಯನ್ನು ತಿರುಗಿಸಿ ನೋಡು. ಅಂಟು ಹಚ್ಚಿಲ್ಲ, ಮುಚ್ಚಳವನ್ನು ಒಳಗೆ ಸಿಕ್ಕಿಸಿದ್ದೇನೆ ಅಷ್ಟೇ. ನೀನು ಹರಿಯದೆ ತೆರೆದಿದ್ದೀಯ. ಈಗ ಬಿಸಾಡು, ನೋಡೋಣ.

ರಟ್ಟಿನ ಕಟ್ಟನ್ನು ಅಂಚೆಗೆ ಹಾಕಬೇಡ, ಮೂಲೆ ಮುರಿಯುತ್ತದೆ. ಹೊತ್ತುಕೊಂಡು ಬಾ. ಆರು ಕಾರ್ಡು ಇಬ್ಬರೂ ಸೇರಿ ಮಾಡೋಣ. ಏಳನೆಯದು ನಿನ್ನದು, ಅದನ್ನು ನಾನೊಬ್ಬಳೇ ಮಾಡುತ್ತೇನೆ. ಎಳೆ ಯಾವ ಕಡೆ ಎಂದು ಮಾತ್ರ ಹೇಳು.

ನಿನ್ನ ನಾಲಿಗೆ ಮೊಂಡಾಗಲಿ, ಕಿವಿ ಚುರುಕಾಗಿರಲಿ, ನನಗಿಂತ ಒಂದು ದಿನವಾದರೂ ಹೆಚ್ಚು ಬಾಳು.

ಇಂತಿ, ಮೊದಲು ಬರೆದು ಸೋತ
ನಿನ್ನ ಅಕ್ಕ

ಯಾವ ಬಸ್ಸಿಗೆ ಬರುತ್ತೀ ಎಂದು ಮುಂದಿನ ತಿಂಗಳು ಹುಟ್ಟುವುದರೊಳಗೆ ಬರೆ. ಖಾಲಿ ಲಕೋಟೆ ಒಂದನ್ನು ಜೊತೆಗಿಟ್ಟಿದ್ದೇನೆ, ಸಿಗಲಿಲ್ಲ ಅನ್ನಬೇಡ.