ಸೊಲ್ಲಿನ ಜಾಗ

ಜುಲೈ 9, 1984

ಬೆಳಗಿನ ಪಾಳಿ. ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ, ಮಗ್ಗಲು ಬದಲು, ಬೆನ್ನಿಗೆ ಪೌಡರ್. ಮುನಿರತ್ನ, ಒಂಬತ್ತು ವರ್ಷ. ನಂಗಲಿ ಹತ್ತಿರ ರಸ್ತೆ ದಾಟುವಾಗ ಲಾರಿ ಹೊಡೆಯಿತು. ತಾಯಿ ಭಾರತಮ್ಮ ಅಲ್ಲೇ ಸತ್ತಳು. ತಲೆಗೆ ಪೆಟ್ಟು ಬಿದ್ದ ಮಗು ನಮ್ಮ ಕೋಲಾರದ ಆಸ್ಪತ್ರೆಗೆ ಬಂತು. ಕಣ್ಣು ತೆರೆಯುತ್ತದೆ. ಯಾರನ್ನೂ ನೋಡುವುದಿಲ್ಲ.

ಡಾಕ್ಟರ್ ಕೋದಂಡರಾಮ್ ಟೇಪ್ ರೆಕಾರ್ಡರ್ ತಂದಿದ್ದರು. ಹೊರದೇಶದ ಪತ್ರಿಕೆಯಲ್ಲಿ ಓದಿದರಂತೆ — ಮಾತಿಗೆ ಮಿಸುಕದ ಮಗು ಸಂಗೀತಕ್ಕೆ ಮಿಸುಕಬಹುದು, ಒಳಗೆ ಎಚ್ಚರ ಉಳಿದಿದೆಯೋ ಇಲ್ಲವೋ ಹಾಗೆ ತಿಳಿಯಬಹುದು. ವೀಣೆ ಹಾಕಿದರು. ಏನೂ ಇಲ್ಲ. ಕೇಸ್ ಶೀಟಿನಲ್ಲಿ ‘ಪ್ರತಿಕ್ರಿಯೆ ಇಲ್ಲ’.

ಕಳೆ ಕೀಳುವ ಕೂಲಿಯವಳ ಮಗಳು. ವೀಣೆ ಅವರ ಕೇರಿಗೆ ಯಾವತ್ತು ಹೋಗಿತ್ತು? ಹೋಗದಿದ್ದದ್ದು ವೀಣೆ. ಫೇಲಾದದ್ದು ಮಗು.

ಹಾಗೇ ಅಂದೆ. ಡಾಕ್ಟರಿಗೆ ಕೋಪ ಬರಲಿಲ್ಲ. “ಜಾಥಾದಲ್ಲಿ ಹಾಡ್ತೀರಂತಲ್ಲ ಸಿಸ್ಟರ್. ನೀವೇ ಹಾಡಿ.”

ಎಚ್ಚರದ ಗುರುತಿದ್ದರೆ ಬೆಂಗಳೂರಿನ ದೊಡ್ಡಾಸ್ಪತ್ರೆ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ. ಮನೆಗೆ ಎಂದರೆ ಏನೆಂದು ವಾರ್ಡಿಗೆಲ್ಲ ಗೊತ್ತು.

ಜುಲೈ 11

ಜಾಥಾ ಹಾಡು ಹಾಡಿದೆ. ಆಯಾ ಮುನಿಶಾಮಮ್ಮ ಬಕೆಟ್ ಇಟ್ಟು ನಿಂತಳು. “ಮಲಗಿರೋ ಮಗು ಕಣಮ್ಮ ಅದು. ಸ್ಟ್ರೈಕಿಗೆ ಕರೀತಿದ್ದೀಯಾ?”

ತಂದೆ ಚನ್ನರಾಯಪ್ಪನನ್ನು ಕೇಳಿದೆ, ಮಗು ಯಾವ ಹಾಡು ಬಲ್ಲದು ಎಂದು.

“ರಜಾದಾಗ ಅವರಮ್ಮನ ಜತೆ ಕಳೆಗೆ ಹೋಗ್ತಿತ್ತು. ಅಲ್ಲಿ ಹಾಡೋರು.”

ಗೊತ್ತು. ನಮ್ಮಜ್ಜಿಯೂ ಹಾಡುತ್ತಿದ್ದಳು. ಒಬ್ಬಳು ಸಾಲು ಹೇಳಬೇಕು, ಸಾಲು ಮುಗಿದಾಗ ಉಳಿದವರೆಲ್ಲ ‘ಊಂ’ ಎಂದು ಸೊಲ್ಲು ಕೊಡಬೇಕು. ವಾರ್ಡಿನಲ್ಲಿ ಉಳಿದವರು ಯಾರು? ಸಾಲೂ ನಾನೇ, ಸೊಲ್ಲೂ ನಾನೇ ಆಗಿ ಹಾಡಿದೆ. ಮಗುವಿನ ರೆಪ್ಪೆ ಅದುರಿತು. ಓಡಿ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಬಂದು ಬೆಡ್‌ಪ್ಯಾನ್ ನೆಲಕ್ಕೆ ಬೀಳಿಸಿದರು. ಆಗಲೂ ಅದುರಿತು.

“ಸದ್ದಿಗೆ ಅದುರುತ್ತೆ ಸಿಸ್ಟರ್. ಅಷ್ಟೆ.”

ಜುಲೈ 15

ಮಗುವಿನ ಅಜ್ಜಿ ದೊಡ್ಡಗಂಗಮ್ಮ ಬಂದಿದ್ದಳು. ಭಾರತಮ್ಮನ ತಾಯಿ. ಮಂಚದ ತುದಿಯಲ್ಲೇ ಕೂತು ಅಳಿಯನೊಂದಿಗೆ ಮಾತು.

“ಭಾರತಿ ಮಣ್ಣಾದ್ಲು. ಇದೂ ಉಳಿಯಂಗಿಲ್ಲ. ನಮ್ಮ ಅನಸೂಯನ್ನ ತಂದ್ಕೋ ಚನ್ನರಾಯ. ಹೊರಗಿನೋಳು ಯಾಕೆ, ಅವ್ಳ ತಂಗಿ ಇರೋವಾಗ?”

“ಮೊದ್ಲು ಈ ಮಗೀದೊಂದು ದಾರಿ ಆಗ್ಲಿ, ಅತ್ತೆ.”

“ಶ್ರಾವಣದಾಗೆ ಮಾಡಾನ. ಅಷ್ಟೊತ್ತಿಗೆ ಆಗಿರ್ತದೆ.”

ಯಾರೂ ದನಿ ತಗ್ಗಿಸಲಿಲ್ಲ. ನಾನು ಗಂಜಿ ಸೋಸುತ್ತಿದ್ದೆ. ಬೈಯಬಹುದಿತ್ತು. ಬೈಯಲಿಲ್ಲ. ಗಂಡಸೊಬ್ಬ, ಎರಡು ಎಮ್ಮೆ, ಅಂಗೈಯಗಲ ಹಿಪ್ಪುನೇರಳೆ ತೋಟ — ಒಲೆ ಹಚ್ಚುವವರು ಬೇಕು. ಲೆಕ್ಕ ಸರಿಯಾಗಿಯೇ ಇದೆ. ಅದೇ ಹೇಸಿಗೆ.

ಜುಲೈ 24

ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ. ದಿನಾ ಹಾಡಿದ್ದೇನೆ. ಏನೂ ಇಲ್ಲ.

ಇವತ್ತು ಸಾಲು ಮುಗಿಸಿದ್ದೇ ತಡ, ಮುನಿಶಾಮಮ್ಮ ಬಾಗಿಲಿಂದ “ಸಿಸ್ಟರಮ್ಮ, ಫೋನು” ಅಂದಳು. ತಿರುಗಿದೆ. ಸೊಲ್ಲು ಕೊಡುವುದು ತಪ್ಪಿತು.

ಹಿಂದಿನಿಂದ ಬಂತು. ಮಂಚದಿಂದ. ಮೂಗಿನಲ್ಲಿ, ಬೆಕ್ಕು ನರಳಿದಷ್ಟು ಸಣ್ಣಗೆ — ಊಂ.

ಫೋನು ಯಾರದೋ. ಹೋಗಲಿಲ್ಲ.

ಸೊಲ್ಲಿನ ಜಾಗವನ್ನೆಲ್ಲ ನಾನೇ ತುಂಬುತ್ತಿದ್ದೆ. ಜಾಥಾದಲ್ಲೂ ಇದೇ ಮಾಡಿದ್ದೇವೆ — ಜನರ ಪರವಾಗಿ ಜನರ ಸೊಲ್ಲೂ ನಾವೇ.

ಜುಲೈ 25

ಡಾಕ್ಟರ್ ಒಪ್ಪಲಿಲ್ಲ. “ಉಸಿರಿನ ಸದ್ದು ಇರಬಹುದು. ನಿಮ್ಮ ಹಾಡಿನ ಲಯಕ್ಕೆ ಕೂಡಿ ಬಂದಿರಬಹುದು. ಸಾಲನ್ನ ನಡುವೆ ನಿಲ್ಲಿಸಿ ನೋಡೋಣ. ಉಸಿರಾದ್ರೆ ಆಗಲೂ ಬರುತ್ತೆ.”

ಸಿಟ್ಟು ಬಂತು. ಪರೀಕ್ಷೆ ಮಾತ್ರ ಸರಿ.

“ಕೆಂಪು ಸೀರೆ ಉಟ್ಕೊಂಡು ಕೆರೆ ಏರಿ ಮೇಲೆ...” ನಿಲ್ಲಿಸಿದೆ. ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಸದ್ದಿಲ್ಲ. ಮತ್ತೊಂದು ಉಸಿರು. ಇಲ್ಲ. ಡಾಕ್ಟರ್ ಸ್ಟೆತಸ್ಕೋಪನ್ನು ಕೈಯಲ್ಲಿ ಮುದುಡಿ ಹಿಡಿದಿದ್ದರು.

“...ಬಂದೋಳು ಯಾರೇ.”

ಊಂ.

ಬೇರೆ ಬೇರೆ ಕಡೆ ನಿಲ್ಲಿಸಿದೆ. ಅರ್ಧ ಸಾಲಿಗೆ ಒಮ್ಮೆಯೂ ಕೊಡಲಿಲ್ಲ. ಮುಗಿದಾಗ ಕೊಟ್ಟಳು. ಡಾಕ್ಟರ್ ಕೇಸ್ ಶೀಟಿನಲ್ಲಿ ಹಳೆಯದನ್ನು ಹೊಡೆದುಹಾಕಿ ‘ಎಚ್ಚರವಿದೆ’ ಎಂದು ಬರೆದರು. “ಮುಗಿಯೋ ತನಕ ಕಾಯ್ತಾಳೆ” ಅಂದರು, ತಮಗೇ.

ಸಂಜೆ

ಮಗುವಿಗೆ ಎಚ್ಚರವಿದೆ ಎಂದು ಚನ್ನರಾಯಪ್ಪನಿಗೆ ಹೇಳಿದೆ. ಮೊದಲು ನಕ್ಕ. ಟವೆಲಲ್ಲಿ ಮುಖ ಒರೆಸಿಕೊಂಡ. ಆಮೇಲೆ ಕೈ ನಿಂತಿತು.

“ಹಂಗಾದ್ರೆ... ಮೊದ್ಲಿಂದ್ಲೂ ಕೇಳಿಸ್ತಿತ್ತಾ?”

“ಕೇಳಿಸ್ತಿದ್ದಿರಬಹುದು.”

“ಇಲ್ಲೇ ಕೂತು ಮಾತಾಡಿದ್ವಲ್ಲಮ್ಮ.”

ದೊಡ್ಡಗಂಗಮ್ಮ ಎಲೆಗೆ ಸುಣ್ಣ ಸವರುತ್ತಿದ್ದಳು. “ಮಗೀಗೇನು ಅರ್ಥ ಆಯ್ತದೆ, ಬಿಡು.”

ಅವನು ಬಿಡಲಿಲ್ಲ. ವರಾಂಡಕ್ಕೆ ಹೋದವನು ಒಳಗೆ ಬರಲಿಲ್ಲ.

ಜುಲೈ 28

ಆಸ್ಪತ್ರೆ ಜೀಪು. ಬೆಂಗಳೂರಿಗೆ. ಹಿಂದೆ ಮಗು, ನಾನು, ಚನ್ನರಾಯಪ್ಪ. ಓಡುವ ಜೀಪಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ.

ಸಹಿ ಹಾಕಲು ಬಂದವನು ಜೀಪು ಹತ್ತಲು ಒಲ್ಲೆ ಎಂದ. “ನನ್ನ ದನಿ ಕೇಳಿದ್ರೆ ಏನಂದ್ಕೊಂಡಾಳು?”

“ಏನಂದುಕೊಂಡಿದ್ದಾಳೋ ಈಗಾಗಲೇ ಅಂದುಕೊಂಡಾಗಿದೆ. ಹತ್ತು.”

ಹತ್ತಿದ. ನರಸಾಪುರದವರೆಗೆ ಜೀಪಿನ ತಗಡು ಹಿಡಿದು ಕೂತಿದ್ದ. ಆಮೇಲೆ ಬಗ್ಗಿ ಮಗಳ ಕಿವಿಯ ಹತ್ತಿರ ಬಾಯಿ ತಂದ.

“ನಾ ತಲ್ಲೀ, ನನ್ನ ತಾಯೀ... ನಿಮ್ಮಮ್ಮ...”

ಅಲ್ಲಿಗೆ ನಿಂತ.

ನಾನು ಬಾಯಿ ಹಾಕಲಿಲ್ಲ. ಮಗುವಿನ ಎದೆ ನೋಡುತ್ತಿದ್ದೇನೆ. ಉಸಿರು ಬರುತ್ತಿದೆ, ಹೋಗುತ್ತಿದೆ. ಸದ್ದಿಲ್ಲ. ಅರ್ಧ ಸಾಲಿಗೆ ಇವಳು ಸೊಲ್ಲು ಕೊಡುವುದಿಲ್ಲ, ಅವನಿಗೆ ಇದು ಗೊತ್ತಿಲ್ಲ. ಮಗಳು ಮುನಿಸಿಕೊಂಡಿದ್ದಾಳೆ ಎಂದುಕೊಂಡು ನನ್ನ ಮುಖ ನೋಡುತ್ತಿದ್ದಾನೆ.

ಮುನಿಸಲ್ಲ, ಚನ್ನರಾಯಪ್ಪ. ಸಾಲು ಮುಗಿದಿಲ್ಲ.

ಹೊಸಕೋಟೆ ಬಂತು. ಅವನು ಮತ್ತೆ ಬಗ್ಗಿ, ನಿಂತಲ್ಲಿಂದ —