ಉಲ್ಟಾ ಪ್ಲಾಟಿನಲ್ಲಿ ಜನ ಇದ್ದಾರೆ

ವಸತಿ ಬಡಾವಣೆಗಳ ಮೇಲ್ವಿಚಾರಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಬ್ಯಾಡಗಿಯ ಅಂಚಿನಲ್ಲಿರುವ ನಮ್ಮ ಬಡಾವಣೆಯಲ್ಲಿ ಯಾರೂ ವಾಸವಿಲ್ಲ ಎಂದು ತಾವು ತೀರ್ಮಾನಿಸಿದ್ದೀರಿ. ಬಹುಕಾಲದಿಂದ ಖಾಲಿ ಬಿದ್ದಿರುವ ಮನೆಗಳನ್ನು ಮುಂದಿನ ತಿಂಗಳು ಕೆಡವಿ, ಅಲ್ಲಿ ಲಾರಿ ನಿಲ್ಲಿಸುವ ಮೈದಾನ ಮಾಡುತ್ತೀರಂತೆ. ಆ ಖಾಲಿ ಮನೆಗಳಲ್ಲಿ ಒಂದರೊಳಗೆ ಕುಳಿತು, ಈಗಷ್ಟೇ ಊಟ ಮುಗಿಸಿ, ಈ ಪತ್ರ ಬರೆಯುತ್ತಿದ್ದೇನೆ. ಒಳಗೆ ನಮ್ಮವ್ವ ಮೊಮ್ಮಗಳ ಮೇಲೆ ರೇಗುತ್ತಿದ್ದಾಳೆ. ಅಂಗಳದಲ್ಲಿ ನನ್ನ ಹೆಂಡತಿ ಸುರೇಖಾ ನನ್ನ ಮೇಲೆ ರೇಗುತ್ತಿದ್ದಾಳೆ. ಖಾಲಿ ಮನೆಯಲ್ಲಿ ಇಷ್ಟು ಗದ್ದಲ ಹೇಗೆ ಸಾಧ್ಯ ಎಂಬುದನ್ನು ತಾವೇ ವಿವರಿಸಬೇಕು.

ತಮ್ಮ ತಪ್ಪು ತಿಳಿಯಬೇಕಾದರೆ ಮೊದಲು ನಮ್ಮ ತಪ್ಪು ತಿಳಿಯಬೇಕು. ಈ ಬಡಾವಣೆ ಹುಟ್ಟಿದ್ದು ನಾವು ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗ. ದೇಶಕ್ಕೆ ಹೊಸದಾಗಿ ಸ್ವಾತಂತ್ರ್ಯ ಬಂದಿತ್ತು. ಊರ ಹೊರಗೆ ಗಾಳಿ ಬೆಳಕು ಇರುವ, ಒಂದೇ ಅಳತೆಯ, ಒಂದೇ ಬಣ್ಣದ ಮನೆಗಳನ್ನು ಸಾಲಾಗಿ ಕಟ್ಟಿದರೆ ಜನ ತಾವಾಗಿಯೇ ಆಧುನಿಕರಾಗುತ್ತಾರೆ ಎಂಬ ನಂಬಿಕೆ ಆಗಿನ ದೊಡ್ಡವರಲ್ಲಿತ್ತು. ಮೆಣಸಿನಕಾಯಿ ಪೇಟೆಯ ಹಮಾಲರು, ದಲಾಲಿ ಅಂಗಡಿಗಳ ಗುಮಾಸ್ತರು, ಸಣ್ಣ ವ್ಯಾಪಾರಿಗಳು ಸೇರಿ ಒಂದು ಸಹಕಾರಿ ಸಂಘ ಮಾಡಿಕೊಂಡರು. ನಕ್ಷೆ ಪುಣೆಯಿಂದ ಬಂತು. ಮನೆ ಕಟ್ಟಿ ಮುಗಿಯುವಷ್ಟರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಹೀಗಾಗಿ ಬೈಯಬೇಕೆಂದರೆ ಯಾರನ್ನು ಬೈಯಬೇಕೆಂದು ಯಾರಿಗೂ ಗೊತ್ತಾಗಲಿಲ್ಲ.

ಬೈಯಲು ಕಾರಣವಿತ್ತು. ನಕ್ಷೆ ಬರೆದ ಮಹಾನುಭಾವರು ಅಷ್ಟೂ ಮನೆಗಳ ತಲೆಬಾಗಿಲನ್ನು ದಕ್ಷಿಣಕ್ಕೆ ಇಟ್ಟಿದ್ದರು. ಮುಂದೆ ಅಗಲವಾದ ರಸ್ತೆ, ಎರಡೂ ಬದಿ ಗಿಡ. ಹಿಂದೆ, ಉತ್ತರಕ್ಕೆ, ಕಸ ಸಾಗಿಸಲೆಂದು ಒಂದು ಇಕ್ಕಟ್ಟಾದ ಗಲ್ಲಿ. ಪುಣೆಯಲ್ಲಿ ಕುಳಿತವರಿಗೆ ಅದು ಚಂದ ಕಂಡಿರಬೇಕು. ನಮ್ಮ ಹಿರಿಯರು ಯಮನ ದಿಕ್ಕಿಗೆ ಬಾಗಿಲಿಟ್ಟು ಸಂಸಾರ ಮಾಡುವವರಾಗಿರಲಿಲ್ಲ. ಸರಕಾರದ ಜೊತೆ ಜಗಳ ಮಾಡುವವರೂ ಆಗಿರಲಿಲ್ಲ. ಅವರು ಸುಮ್ಮನೆ ಮನೆ ಹೊಕ್ಕು ದಕ್ಷಿಣದ ಬಾಗಿಲು ಮುಚ್ಚಿದರು, ಅದಕ್ಕೆ ಒಳಗಿನಿಂದ ಅಡ್ಡವಾಗಿ ದೇವರ ಜಗಲಿ ಕಟ್ಟಿದರು, ಹಿಂದಿನ ಬಾಗಿಲಿಗೆ ತೋರಣ ಕಟ್ಟಿ ಅದನ್ನೇ ತಲೆಬಾಗಿಲು ಎಂದರು. ಒಬ್ಬರು ಮಾಡಿದ್ದನ್ನು ನೋಡಿ ಇನ್ನೊಬ್ಬರು ಮಾಡಿದರು. ವರ್ಷ ತಿರುಗುವುದರೊಳಗೆ ಇಡೀ ಬಡಾವಣೆ ಸರಕಾರಕ್ಕೆ ಬೆನ್ನು ತಿರುಗಿಸಿ ಕುಳಿತಿತ್ತು. ಊರಿನವರು ಅದನ್ನು ಉಲ್ಟಾ ಪ್ಲಾಟು ಎಂದು ಕರೆದರು, ಇವತ್ತಿಗೂ ರಿಕ್ಷಾದವರಿಗೆ ಹಾಗೆಂದರೇ ಗೊತ್ತಾಗುವುದು.

ಅಂದಿನಿಂದ ಕಸದ ಗಲ್ಲಿಯೇ ನಮ್ಮ ರಾಜಬೀದಿ. ಕಟ್ಟೆ, ರಂಗೋಲಿ, ಹರಟೆ, ಮದುವೆಯ ಮೆರವಣಿಗೆ ಎಲ್ಲವೂ ಅಲ್ಲಿಯೇ. ತಮ್ಮ ಅಗಲವಾದ ರಸ್ತೆ ನಮ್ಮ ಹಿತ್ತಲು. ಅಲ್ಲಿ ಬಟ್ಟೆ ಒಗೆಯುವ ಕಲ್ಲುಗಳಿವೆ, ಕೋಳಿಗಳಿವೆ, ಸುಗ್ಗಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ಮೆಣಸಿನಕಾಯಿ ಒಣಗುತ್ತದೆ. ತಮ್ಮ ಇಲಾಖೆಯ ಪ್ರೀತಿ ಮಾತ್ರ ನಕ್ಷೆ ಬಿಟ್ಟು ಕದಲಿಲ್ಲ. ಹಿತ್ತಲಿಗೆ ಡಾಂಬರು ಹಾಕಿದಿರಿ. ಹಿತ್ತಲಿಗೆ ಬೀದಿದೀಪ ಹಾಕಿದಿರಿ, ನಮ್ಮ ಕೋಳಿಗಳು ರಾತ್ರಿಯನ್ನು ಹಗಲೆಂದು ತಿಳಿದು ನಿದ್ದೆಗೆಟ್ಟವು. ಹಿರಿಯ ನಾಗರಿಕರು ಕುಳಿತುಕೊಳ್ಳಲೆಂದು ಒಗೆಯುವ ಕಲ್ಲುಗಳ ಎದುರಿಗೇ ಬೆಂಚು ಹಾಕಿಸಿದಿರಿ. ಯಾವ ಹಿರಿಯ ನಾಗರಿಕನು ಹೆಂಗಸರು ಬಟ್ಟೆ ಒಗೆಯುವುದನ್ನು ನೋಡುತ್ತ ಅಲ್ಲಿ ಕುಳಿತು ಮರ್ಯಾದೆ ಉಳಿಸಿಕೊಂಡಾನು? ಇತ್ತ ಗಲ್ಲಿಗೆ ಒಂದು ಬುಟ್ಟಿ ಜಲ್ಲಿಯೂ ಬೀಳಲಿಲ್ಲ, ಏಕೆಂದರೆ ತಮ್ಮ ಪ್ರಕಾರ ಅಲ್ಲಿ ಕಸದ ಹೊರತು ಇನ್ನಾರೂ ಓಡಾಡುವುದಿಲ್ಲ.

ಇಷ್ಟನ್ನೂ ನಾವು ನಗುತ್ತಲೇ ಸಹಿಸಿಕೊಂಡಿದ್ದೆವು. ಈ ಸುಗ್ಗಿಯಲ್ಲಿ ತಮ್ಮ ಸಿಬ್ಬಂದಿ ಸಮೀಕ್ಷೆಗೆ ಬಂದರು. ನಕ್ಷೆ ಹಿಡಿದು ಹಿತ್ತಲಿನಲ್ಲಿ ನಡೆದರು, ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ಬಡಿದರು, ಯಾರೂ ತೆರೆಯಲಿಲ್ಲವೆಂದು ಎಲ್ಲವೂ ಖಾಲಿ ಎಂದು ಬರೆದುಕೊಂಡರು. ಆಮೇಲೆ ಅದೇ ಬಾಗಿಲುಗಳಿಗೆ ನೋಟೀಸು ಅಂಟಿಸಿ, ಆಕ್ಷೇಪಣೆ ಇದ್ದರೆ ತಿಳಿಸಿ ಎಂದರು. ಒಣಹಾಕಿದ ಸೀರೆಗಳ ಹಿಂದೆ ಆ ನೋಟೀಸುಗಳು ತಣ್ಣಗೆ ಉಳಿದವು, ಕೆಳಗೆ ಅಂಟಿಸಿದ್ದನ್ನು ಆಡು ತಿಂದಿತು. ಸೀರೆ ಸರಿಸಿ ಯಾರೋ ಅದನ್ನು ಓದುವಷ್ಟರಲ್ಲಿ ಅವಧಿ ಮುಗಿದಿತ್ತು. ಯಾರ ಆಕ್ಷೇಪಣೆಯೂ ಇಲ್ಲವೆಂದು ತಾವು ಸಂತೋಷಪಟ್ಟಿರಿ.

ಎಲ್ಲವೂ ಖಾಲಿ ಎಂದೆನಲ್ಲ, ಒಂದು ಮನೆ ಬಿಟ್ಟು. ನಮ್ಮ ಪಕ್ಕದ ಮನೆಯ ಬಿಸ್ಮಿಲ್ಲಾಬಿ ತಮ್ಮ ದಾಖಲೆಯ ಪ್ರಕಾರ ಇಡೀ ಬಡಾವಣೆಯ ಏಕೈಕ ನಿವಾಸಿ. ಅವರ ಮನೆಯ ದಕ್ಷಿಣದ ಬಾಗಿಲು ತೆರೆದಿತ್ತು. ಅದು ಏಕೆ ತೆರೆದಿತ್ತು ಎಂದು ತಮ್ಮವರು ಕೇಳಲಿಲ್ಲ, ಕೇಳದಿದ್ದರೂ ನಾನು ಹೇಳುತ್ತೇನೆ.

ನನ್ನ ಮಗಳು ಸುಶ್ಮಿತಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಒಂದು ಮಧ್ಯಾಹ್ನ ನೋವು ಕಾಣಿಸಿತು. ಆಂಬುಲೆನ್ಸಿಗೆ ಫೋನು ಮಾಡಿ ನಾವೆಲ್ಲ ಗಲ್ಲಿಯಲ್ಲಿ ನಿಂತೆವು. ಡ್ರೈವರ್ ಫೋನು ಮಾಡಿ, "ಮನಿ ಮುಂದ ಬಂದು ನಿಂತೇನ್ರಿ, ನೀವು ಎಲ್ಲದೀರಿ?" ಎಂದ. "ನಾವೂ ಮನಿ ಮುಂದs ನಿಂತೇವಲ್ಲೋ ತಮ್ಮಾ" ಎಂದೆ. ಅವನಿದ್ದದ್ದು ತಮ್ಮ ರಸ್ತೆಯಲ್ಲಿ, ನಾವಿದ್ದದ್ದು ನಮ್ಮ ರಸ್ತೆಯಲ್ಲಿ, ನಡುವೆ ನನ್ನ ಮನೆ. ಗಲ್ಲಿಯ ಬಾಯಿಯನ್ನು ಪೈಪಿಗೆಂದು ಅಗೆದು ಹಾಗೇ ಬಿಟ್ಟಿದ್ದರು, ಸ್ಟ್ರೆಚರ್ ಇರಲಿ, ಸೈಕಲ್ಲೂ ದಾಟುವಂತಿರಲಿಲ್ಲ. ನಮ್ಮವ್ವ ಗದಿಗೆವ್ವ ಜಗಲಿಯ ಮೇಲಿನ ದೇವರನ್ನೆಲ್ಲ ಉಡಿಯಲ್ಲಿ ತುಂಬಿಕೊಂಡು, "ಒಡೀರಿ ಇದನ್ನ, ಬಾಗಲಾ ತಗೀರಿ" ಎಂದಳು. ಅರವತ್ತು ಚಿಲ್ಲರೆ ವರ್ಷ ದಿನಾ ಸಾರಿಸಿದ ಜಗಲಿ ಅದು. ನಾನು ಹಾರೆ ಹುಡುಕಲು ಓಡಿದೆ. ಹಾರೆ ಎಲ್ಲಿಟ್ಟಿದ್ದೇನೆಂಬುದೇ ನೆನಪಾಗಲಿಲ್ಲ.

ಅಷ್ಟರಲ್ಲಿ ಬಿಸ್ಮಿಲ್ಲಾಬಿ, "ಹಾರಿ ಬ್ಯಾಡ ಪ್ರಭಣ್ಣಾ, ನಮ್ಮ ಬಾಗಲಕ್ಕ ಹೊಲಗಿ ಮಷಿನ್ ಒಂದs ಅಡ್ಡ ಐತಿ, ಲಗೂ ಬರ್ರಿ" ಎಂದು ನನ್ನನ್ನು ಕರೆದರು. ಅವರಿಗೆ ದಿಕ್ಕಿನ ಹಂಗಿರಲಿಲ್ಲ, ಆದರೂ ನೆರೆಯವರೆಲ್ಲ ಇತ್ತ ಇದ್ದಾಗ ಒಬ್ಬರೇ ಅತ್ತ ಬಾಗಿಲು ತೆರೆದು ಯಾರ ಮುಖ ನೋಡುವುದೆಂದು ಅವರ ಅತ್ತೆಯೂ ಅಂದು ಮುಚ್ಚಿದ್ದರು. ಮಷಿನ್ ಎತ್ತಿದೆವು, ತುಕ್ಕು ಹಿಡಿದ ಅಗಳಿಯನ್ನು ಕಲ್ಲಿನಿಂದ ಬಡಿದೆವು, ಸುಶ್ಮಿತಾಳನ್ನು ಹೊತ್ತು ಆ ಮನೆಯೊಳಗಿಂದ ಆಚೆ ಬಂದರೆ, ಆಂಬುಲೆನ್ಸಿಗೂ ನಮಗೂ ನಡುವೆ ನಮ್ಮ ಗಲ್ಲಿಯ ಉಡಚವ್ವ ಒಣಹಾಕಿದ ಮೆಣಸಿನಕಾಯಿ ಹರಡಿತ್ತು. ಡ್ರೈವರ್ ಮೆಣಸಿನಕಾಯಿಯ ಬೆಲೆ ಬಲ್ಲವನು, ವಾಹನದಲ್ಲಿಯೇ ಕುಳಿತು, "ತುಳೀಲೇನ್ರಿ?" ಎಂದು ಕೇಳಿದ. ಉಡಚವ್ವ, "ತುಳೀಯಪ್ಪಾ, ಮುಂದಿನ ವರ್ಸ ಮತ್ತ ಬೆಳೀತಾವ" ಎಂದಳು. ಅವನು ತುಳಿದ. ಆ ಘಾಟಿಗೆ ಎಲ್ಲರೂ ಸೀನಿದರು, ಹೆರಿಗೆ ನೋವಿನ ನಡುವೆ ನನ್ನ ಮಗಳೂ ಸೀನಿದಳು. ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆಣ್ಣು ಕೂಸು ಹುಟ್ಟಿತು. ಅಳುವ ಮೊದಲು ಅದೂ ಸೀನಿತೆಂದು ನರ್ಸಮ್ಮ ಹೇಳಿದರು. ಗಾಳಿ ಚೆನ್ನಾಗಿ ಬರುತ್ತದೆಂದು ಬಿಸ್ಮಿಲ್ಲಾಬಿ ಆ ಬಾಗಿಲನ್ನು ಆಮೇಲೆ ಮುಚ್ಚಲೇ ಇಲ್ಲ.

ತಮ್ಮ ಸಿಬ್ಬಂದಿ ಅವರನ್ನು, "ಇಷ್ಟು ಮನಿಯೊಳಗ ಒಬ್ರs ಇರ್ತೀರಲ್ರಿ, ಅಂಜಿಕಿ ಆಗಂಗಿಲ್ಲೇನು?" ಎಂದು ಕೇಳಿದರಂತೆ. "ಒಬ್ಬಾಕಿ ಎಲ್ಲಿರಿ, ಹಿಂದಕ ಹೋಗಿ ನೋಡ್ರಿ, ಕಾಲಿಡಾಕ ಜಾಗಾ ಇಲ್ಲ" ಎಂದು ಅವರು ಹೇಳಿದರೆ, ಹಿಂದಿನ ಗಲ್ಲಿ ತಮ್ಮ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೊರಟುಹೋದರಂತೆ.

ಹಾವೇರಿಯ ತಮ್ಮ ಕಚೇರಿಗೂ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಮೇಜಿನ ಹಿಂದೆ ಕುಳಿತ ಗುಮಾಸ್ತರು ನನ್ನ ಮನೆಯ ಸಂಖ್ಯೆ ನೋಡಿ, "ಇದು ಖಾಲಿ ಮನಿ ಐತ್ರಿ. ಖಾಲಿ ಮನಿಯವ್ರು ತಕರಾರು ಕೊಡಾಕ ಬರಂಗಿಲ್ಲ" ಎಂದರು. ನಾನು ಎದುರಿಗೇ ನಿಂತಿದ್ದೇನಲ್ಲ ಎಂದೆ. "ನೀವು ಅದೀರಿ, ಖರೇ. ಮನಿಯೊಳಗ ಇಲ್ಲ" ಎಂದರು. ಆ ಕ್ಷಣಕ್ಕೆ ಅದು ನಿಜವೇ ಆಗಿದ್ದರಿಂದ ನಾನು ವಾದಿಸಲಿಲ್ಲ. ಬಡಾವಣೆಯ ನಿವಾಸಿಯೊಬ್ಬರು ಸಾಕ್ಷಿ ಹೇಳಿದರೆ ನೋಡೋಣ ಎಂದರು. ಮರುದಿನ ಬಿಸ್ಮಿಲ್ಲಾಬಿಯನ್ನು ಕರೆದುಕೊಂಡು ಬಂದೆ. ನಾವೆಲ್ಲರೂ ಅಲ್ಲಿ ಇದ್ದೇವೆ ಎಂದು ಅವರು ಹೇಳಿದರು. ಅದಕ್ಕೆ, ಒಬ್ಬ ನಿವಾಸಿ ಇಷ್ಟೊಂದು ಜನರನ್ನು ಅನುಮತಿಯಿಲ್ಲದೆ ಇಟ್ಟುಕೊಂಡಿರುವುದು ನಿಯಮಬಾಹಿರ ಎಂದು ಅವರಿಗೇ ತಾಕೀತು ಮಾಡಿದರು. ಕೊನೆಗೆ, ಎಲ್ಲರೂ ದಕ್ಷಿಣದ ಬಾಗಿಲು ತೆರೆದು ನಿಂತರೆ ಮರುಪರಿಶೀಲಿಸಬಹುದು ಎಂಬ ದಾರಿಯನ್ನೂ ತೋರಿಸಿದರು.

ಇದನ್ನು ನಮ್ಮವ್ವನಿಗೆ ಹೇಳಿದೆ. ಹೆರಿಗೆಯ ದಿನ ತಾನಾಗಿಯೇ ಜಗಲಿ ಒಡೆಯಿರಿ ಎಂದವಳು ಈಗ ಎದ್ದು ಕುಳಿತಳು. "ಮೊಮ್ಮಗಳ ಸಲುವಾಗಿ ದ್ಯಾವ್ರನ್ನ ಎಬ್ಬಸಿದ್ದೆ. ಸಾಹೇಬರ ಸಲುವಾಗಿ ಎಬ್ಬಸಂಗಿಲ್ಲ. ಅವರಿಗೆ ಕಾಲು ಅದಾವಲ್ಲ, ಸುತ್ತ ಹಾಕ್ಕೊಂಡು ಬರ್ಲಿ" ಎಂದಳು. ನಾನು ಖಾರದ ಗಿರಣಿ ನಡೆಸುವವನು, ವಾದದಲ್ಲಿ ತಾಯಿಯನ್ನು ಗೆದ್ದವನಲ್ಲ. ಈ ಸಲ ಗೆಲ್ಲುವ ಮನಸ್ಸೂ ಇಲ್ಲ. ಕೆಡವುವ ಯಂತ್ರ ಬರುವ ದಿನವನ್ನು ನೆನೆದರೆ ನನಗೆ ಭಯವಾಗುತ್ತದೆ, ಅದನ್ನು ಮುಚ್ಚಿಟ್ಟು ನಗಲು ಎಷ್ಟು ದಿನ ಸಾಧ್ಯವೋ ತಿಳಿಯದು.

ಆದ್ದರಿಂದ ನಮ್ಮ ಬೇಡಿಕೆ ಸಣ್ಣದು. ಖಾಲಿ ಎಂಬ ಆದೇಶವನ್ನು ರದ್ದು ಮಾಡಿ. ನಾವು ಬದುಕುತ್ತಿರುವ ಗಲ್ಲಿಯನ್ನು ರಸ್ತೆ ಎಂದು ಒಪ್ಪಿಕೊಳ್ಳಿ. ಇವೆರಡಕ್ಕೂ ಮೊದಲು ಒಮ್ಮೆ ತಾವೇ ಬನ್ನಿ.

ತಮ್ಮವರು ಬಡಿದಾಗ ಏಕೆ ತೆರೆಯಲಿಲ್ಲ ಎಂದು ತಾವು ಕೇಳಬಹುದು. ಆ ಸದ್ದು ನಮಗೆ ಕೇಳಿಸಿತ್ತು. ಹಿತ್ತಲಿನಲ್ಲಿ ಯಾರೋ ಚಾದರ ಬಡಿಯುತ್ತಿದ್ದಾರೆಂದು ನಾವು ತಿಳಿದೆವು. ಸುಶ್ಮಿತಾ ಆಸ್ಪತ್ರೆಯಿಂದ ಬಂದು ವಾರವೂ ಆಗಿರಲಿಲ್ಲ, ರಾತ್ರಿಯಿಡೀ ಅತ್ತ ಕೂಸು ಆಗಷ್ಟೇ ಕಣ್ಣು ಮುಚ್ಚಿತ್ತು. ನಮ್ಮವ್ವ ಗೋಡೆಯತ್ತ ಮುಖ ಮಾಡಿ, "ಮೆಲ್ಲಕ ಬಡೀರೇ ಯವ್ವಾ, ಕೂಸು ಮಲಗೇತಿ" ಎಂದಳು. ಬಡಿಯುವುದು ನಿಂತಿತು. ಎಷ್ಟು ಒಳ್ಳೆಯ ಜನ ಎಂದುಕೊಂಡೆವು. ಅವರು ಆಚೆ ನಿಂತು ಖಾಲಿ ಎಂದು ಬರೆದುಕೊಳ್ಳುತ್ತಿದ್ದರು.

ಬರುವಾಗ ಗಲ್ಲಿಯ ಕಡೆಯಿಂದ ಬನ್ನಿ. ಬಾಗಿಲು ಬಡಿಯಬೇಡಿ, ತೆರೆದೇ ಇರುತ್ತದೆ. ಕೂಸು ಇನ್ನೂ ಹಗಲು ಹೊತ್ತಿನಲ್ಲಿಯೇ ಮಲಗುತ್ತದೆ.

ಇಂತಿ,
ತಮ್ಮ ಲೆಕ್ಕದಲ್ಲಿ ಇಲ್ಲದಿದ್ದರೂ ಇನ್ನೂ ಇರುವ
ಪ್ರಭುಲಿಂಗಪ್ಪ
ಖಾರದ ಗಿರಣಿ, ಬ್ಯಾಡಗಿ